ಲಾಭ, ಎರಡು, ಮೂರು

ಹಗ್ಗದಲ್ಲಿ ನಾಲ್ಕು ಗಂಟು ಹಾಕಿಕೊಂಡು ಹೊರಟಿದ್ದೆ.
ಮೊದಲನೆಯದು ಬೀದಿಬಾಗಿಲು,
ಎರಡನೆಯದು ಮೆಟ್ಟಿಲ ತಿರುವು,
ಮೂರು, ಕಿಟಕಿಗೂ ಅಕ್ಕಿಡಬ್ಬಕ್ಕೂ ನಡುವಿನ ಗೋಡೆ.
ನಾಲ್ಕನೆಯದು ಯಾವುದರ ಅಳತೆಯೋ
ಲಿಂಗರಾಜಪುರ ಬರುವಷ್ಟರಲ್ಲಿ ಮರೆತೇಹೋಯಿತು.

ಮೇಲ್ಸೇತುವೆ ಪಕ್ಕದ ಗೋಡೌನು.
ಒಳಗೆ ಹದಿನೇಳು ಪಿಯಾನೊ,
ಪಡಿತರದ ಸಾಲಿನಲ್ಲಿ ನಿಂತವರ ಹಾಗೆ
ಒಬ್ಬರ ಮುಖ ಒಬ್ಬರು ನೋಡದೆ.

ಜೊತೆಗೆ ಬಾರ್ತಲೋಮಿ ಮಾಸ್ತರರು, ಶ್ರುತಿ ಮಾಡುವವರು.
ಜೇಬಿನಲ್ಲಿ ಟಾರ್ಚು, ಹಲ್ಲುಜ್ಜುವ ಬ್ರಶ್ಶು.
ಅದು ಇವಕ್ಕೆ ಕಣಮ್ಮ, ನನಗೆ ಹಲ್ಲೆಲ್ಲಿದೆ, ಅಂದರು.

ಟೈ ಕಟ್ಟಿದ ಹುಡುಗ ಕೇಳಿದ,
ಯಾರಿಗೆ ಮೇಡಂ, ಮಗಳಿಗಾ, ಮೊಮ್ಮಗಳಿಗಾ?
ನನಗೆ, ಅಂದೆ.
ಸೆರಗಿನಲ್ಲಿ ಇನ್ನೂ ರಾಗಿಹಿಟ್ಟಿತ್ತು.
ಅವನ ಕೈ ಅಗ್ಗದ ಸಾಲಿನ ಕಡೆ ತಿರುಗಿತು.

ಜೀವನಹಳ್ಳಿಯಲ್ಲಿ ನನ್ನದು ಗಿರಣಿ, ಇಪ್ಪತ್ತಾರು ವರ್ಷ.
ಕಲ್ಲು ಸವೆದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.
ಗೋಧಿಗೊಂದು ದನಿ, ಮೆಣಸಿನಕಾಯಿಗೆ ಇನ್ನೊಂದು,
ಬೆಲ್ಟು ಸಡಿಲವಾದರೆ ಅರ್ಧ ಸ್ವರ ಇಳಿಯುತ್ತದೆ.
ಅದಕ್ಕೆ ಅರ್ಧ ಸ್ವರ ಅನ್ನುತ್ತಾರೆಂದು ಹೇಳಿಕೊಟ್ಟವರು
ಚಪಾತಿಹಿಟ್ಟಿಗೆ ಬಂದು ನಿಂತ ಫಿಲೋಮಿನಾ ಟೀಚರ್.
ಐದು ವರ್ಷ ಅವರ ಪ್ಲಾಸ್ಟಿಕ್ ಕೀಬೋರ್ಡಿನಲ್ಲಿ ಕಲಿತೆ.
ಮೆಲ್ಲಗೆ ಒತ್ತಲಿ, ಜೋರಾಗಿ ಒತ್ತಲಿ,
ಅದು ಎಲ್ಲರಿಗೂ ಕೊಡುವುದು ಒಂದೇ ಮರ್ಯಾದೆ.

ಮೊದಲು ನೋಡಿದ್ದು ಹೊಸದು.
ಕಾರಿನ ಬಾನೆಟ್ಟಿನಂಥ ಕಪ್ಪು, ಅದರಲ್ಲಿ ಕುಂಕುಮ ಸಮೇತ ನಾನು.
ದನಿ ಬಳೆಯಂಗಡಿ.
ಹತ್ತು ನಿಮಿಷಕ್ಕೆ ಕಿವಿ ದಣಿಯಿತು.

ಆಮೇಲೆ ಯಾವುದೋ ಬಂಗಲೆಯಿಂದ ಇಳಿದು ಬಂದದ್ದು,
ಎರಡು ಕಡೆ ಮೇಣದಬತ್ತಿಯ ಹಿತ್ತಾಳೆ ಕೈ.
ಅದರ ಮಂದ್ರ, ಅಯ್ಯೋ,
ನೇರ ಹೊಟ್ಟೆಯೊಳಗೆ ಬಂದು ಕೂತಿತು.
ಇದೇ, ಅಂದುಬಿಟ್ಟಿದ್ದೆ.
ಮಾಸ್ತರರು ಕೆಳಗಿನ ಹಲಗೆ ಕಳಚಿ ಟಾರ್ಚು ಹಾಕಿದರು:
ಇಲಿಗೂಡು, ಯಾರದೋ ಮದುವೆ ಕಾಗದದ ಚೂರು.
ಬಿರಡೆ ತಿರುಗಿಸಿದರೆ ಬೆಣ್ಣೆಯಲ್ಲಿ ಕಡ್ಡಿ ತಿರುಗಿದ ಹಾಗೆ.
ಹಾಡುತ್ತಮ್ಮ, ಆದರೆ ಮಾತಿಗೆ ನಿಲ್ಲಲ್ಲ.
ಇವತ್ತು ಶ್ರುತಿ ಮಾಡಿದರೆ ಭಾನುವಾರಕ್ಕೆ ಇಳಿದಿರುತ್ತೆ.
ಮುಚ್ಚಳ ಮುಚ್ಚಿದೆ.
ಮುಚ್ಚಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಮೂಲೆಯದು ಕಂದು, ನನ್ನ ಗಲ್ಲದೆತ್ತರ.
ಎತ್ತರ ಬೇಕಮ್ಮ, ತಂತಿ ಉದ್ದ ಇದ್ದರೇ ಮಂದ್ರಕ್ಕೆ ಉಸಿರು.
ಒಂದು ಮಗ್ಗುಲು ಬಿಸಿಲಿಗೆ ಮಾಸಿತ್ತು.
ಸುತ್ತಿಗೆಗಳ ಉಣ್ಣೆಯಲ್ಲಿ ತಂತಿಯ ಗುರುತಿತ್ತು, ಗಾಯವಿರಲಿಲ್ಲ.
ಹಿಂದಿನ ಹಲಗೆಗೆ ಬೆರಳಿನಿಂದ ತಟ್ಟಿದರು,
ಕಲ್ಲಂಗಡಿ ಕೊಳ್ಳುವವರ ಹಾಗೆ, ತಲೆ ಓರೆ ಮಾಡಿ.

ಎಡಗಡೆಯ ಒಂದೇ ಒಂದು ಮನೆ ಒತ್ತಿ ಹಿಡಿದೆ.
ಕಣ್ಣು ಮುಚ್ಚಿ ಎಣಿಸಿದೆ: ಲಾಭ, ಎರಡು, ಮೂರು.
ಅಳೆಯುವಾಗ ನಮ್ಮಲ್ಲಿ ಒಂದು ಅನ್ನುವುದಿಲ್ಲ.
ಹನ್ನೊಂದಕ್ಕೆ ಹೊರಗೆ ರೈಲು ಬಂತು,
ಶಟರು ನಡುಗಿತು, ದನಿ ಮುಳುಗಿತು.
ಬೆರಳೆತ್ತಲಿಲ್ಲ.
ರೈಲು ಹೋಯಿತು. ಇಪ್ಪತ್ತಾರು, ಇಪ್ಪತ್ತೇಳು.
ಅಡಿಯಲ್ಲಿ ಇನ್ನೂ ಇತ್ತು ಅದು,
ಜರಡಿ ಕೊಡವಿದ ಮೇಲೂ ಗಾಳಿಯಲ್ಲಿ ನಿಲ್ಲುವ ಹಿಟ್ಟಿನಷ್ಟು.

ಹುಡುಗ ಬೆಲೆ ಹೇಳಿದ. ನಾನೂ ಒಂದು ಹೇಳಿದೆ.
ಸ್ಟೂಲು ಬಿಟ್ಟಿ ಕೊಡ್ತೀನಿ ಅಂದ.
ಆಗ ನೆನಪಾಯಿತು ನಾಲ್ಕನೇ ಗಂಟು:
ಸ್ಟೂಲಿಗೆ ಜಾಗ.
ನಾನು ಕೂರುವ ಜಾಗವೇ ಮರೆತಿತ್ತು.

ಸೋಮವಾರ ಆರು ಜನ ಹೊತ್ತು ತಂದರು.
ತಿರುವಿನಲ್ಲಿ ಅರ್ಧ ಗೇಣು ಸಾಲದೆ ಕಟಕಟೆ ಕಳಚಿಸಿದೆ.
ಹಗ್ಗ ಹಿಗ್ಗುತ್ತದೆ, ಅಳೆದು ಬದುಕುವವಳಿಗೆ ಗೊತ್ತಿರಬೇಕಿತ್ತು.
ಮನೆಯ ಹವೆ ಒಗ್ಗಲಿ, ಶ್ರುತಿಗೆ ಹದಿನೈದು ದಿನ ಬಿಟ್ಟು ಬರ್ತೀನಿ,
ಅಂದು ಮಾಸ್ತರರು ಅರ್ಧ ಕಿಲೊ ರಾಗಿಹಿಟ್ಟು ಕಟ್ಟಿಸಿಕೊಂಡು ಹೋದರು.

ಮಂಗಳವಾರ ಗಿರಣಿ ಹಾಕಿದೆ.
ಲೋಟ ತರಲು ಮೇಲೆ ಹೋದ ಮುನಿಲಕ್ಷ್ಮಿ
ಎರಡೆರಡು ಮೆಟ್ಟಿಲು ಇಳಿದು ಬಂದಳು:
ಅಕ್ಕಾ, ಅದು ತಾನೇ ತಾನಾಗಿ ಗುನುಗ್ತಿದೆ,
ಯಾರನ್ನಾದ್ರೂ ಕರೆಸ್ಲಾ?

ಬೇಡ, ಅಂದೆ,
ಮುಂದಿನ ಡಬ್ಬ ಸುರಿ.