ಹನ್ನೊಂದು ಕುರ್ಚಿ

ಅರ್ಜಿಯ ಏಳನೇ ಕಲಮು ಕೇಳುತ್ತದೆ:
ಫಲಾನುಭವಿಗಳ ಸಂಖ್ಯೆ?
ಕೋಲ್ಬಿ ಹಾರ್ಬರಿನವರು ಪೆನ್ಸಿಲ್ಲಿನಲ್ಲಿ ಬರೆದಿದ್ದರು:
ಹನ್ನೊಂದು. ಹಿಮ ಬಿದ್ದ ಗುರುವಾರ ಏಳು.

ಆಗಸ್ಟಾದಲ್ಲಿ ನಾವು ಐವರು ತೀರ್ಪುಗಾರರು,
ಮಾನವಿಕ ಪರಿಷತ್ತಿನ ಉದ್ದ ಮೇಜು,
ಆರಿದ ಕಾಫಿ, ಮೂವತ್ತೆರಡು ಅರ್ಜಿ.
ಒಂದಕ್ಕಂತೂ ನಲವತ್ತು ಸಾವಿರ ಪ್ರೇಕ್ಷಕರು,
ಡ್ರೋನಿನಿಂದ ತೆಗೆದ ದೀಪಸ್ತಂಭದ ಚಿತ್ರ ಬೇರೆ.
ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದ ನಾನು
ಹನ್ನೊಂದಕ್ಕೆ ಹತ್ತರಲ್ಲಿ ಮೂರು ಅಂಕ ಕೊಟ್ಟು
ಹಾಳೆ ಮಗುಚಿದೆ.
ಸುಳ್ಳೇಕೆ ಹೇಳಲಿ.

ಅರ್ಜಿಯ ಜೊತೆ ಒಂದು ಟೇಪು ಇತ್ತು.
ಮನೆಗೆ ಮರಳುವಾಗ, ರೇಡಿಯೋ ಬೇಸರವಾಗಿ,
ಕಾರಿನಲ್ಲಿ ಹಾಕಿದೆ.

ಕುರ್ಚಿ ಎಳೆಯುವ ಸದ್ದು. ಯಾರದೋ ಕೆಮ್ಮು.
ಹಳೆಯ ಅಗ್ನಿಶಾಮಕ ಠಾಣೆಯಂತೆ ಅದು,
ಹೀಟರು ಗೊರಗೊರ ಅನ್ನುತ್ತದೆ.
ಮುಚ್ಚಿಹೋದ ಸಾರ್ಡೀನ್ ಕಾರ್ಖಾನೆಯ ಹಾಜರಿ ಪುಸ್ತಕವನ್ನು
ಪುಟಕ್ಕೊಬ್ಬರಂತೆ ಓದುತ್ತಾರೆ,
ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕತ್ತರಿ ಹಿಡಿದು,
ಮೀನಿನ ತಲೆ ತೆಗೆದು ಡಬ್ಬಿ ತುಂಬಿದ ಹೆಂಗಸರೇ.
ಹೆಸರು, ವಯಸ್ಸು, ತುಂಬಿದ ಪೆಟ್ಟಿಗೆ, ಕೊಟ್ಟ ಕೂಲಿ.
ಕಾರ್ಯಕ್ರಮ ಅಂದರೆ ಇಷ್ಟೇ:
ಓದುವುದು. ತಪ್ಪಿದ್ದರೆ ತಪ್ಪು ಅನ್ನುವುದು.

'ಲೊವೀನಾ ಆಲೀ, ನಲವತ್ತು ಪೆಟ್ಟಿಗೆ.'
'ನಲವತ್ತಾರು! ಆರು ಫೋರ್ಮನ್ ನುಂಗಿದ,
ಬೆಕ್ಕಿಗಿಂತ ಕಡೆ ಅವನು.'
ನಗು. ಹಲ್ಲು ಕಟ್ಟಿಸಿಕೊಂಡವರ ನಗು.
'ಮೇರಿ.' ಬರೀ ಮೇರಿ. 'ಪಸಮಕ್ವಾಡಿಯವಳು.'
ಹಿಂದಿನಿಂದ ಸಣ್ಣ ದನಿ:
'ನಮ್ಮಜ್ಜಿ. ಮೇರಿ ಸಬಾಟಸ್.
ಬರೆದುಕೊಳ್ಳಿ, ಎರಡು ಟೀ ಬರಬೇಕು.'

'ಅರ್ವಿಲಾ ಬೀಲ್, ವಯಸ್ಸು ಹದಿನಾರು.'

ಆಮೇಲೆ ಏನೂ ಇಲ್ಲ.
ಹೀಟರು. ದೂರದಲ್ಲಿ, ನೀರ ಮೇಲೆ, ಎಚ್ಚರಿಕೆಯ ಗಂಟೆ.
ಟೇಪು ಕೆಟ್ಟಿತೆಂದು ಕಾರು ಬದಿಗೆ ನಿಲ್ಲಿಸಿದೆ.
'ಹನ್ನೆರಡು,' ಅಂದಿತು ಒಂದು ಮುದಿ ಗಂಟಲು.
'ನಾನೇ ಅದು. ಹದಿನಾರು ಅನ್ನು ಅಂದಿದ್ದಳು ಅಮ್ಮ.
ಮೇಜು ಎಟುಕುತ್ತಿರಲಿಲ್ಲ,
ಕಾಲ ಕೆಳಗೆ ಒಂದು ಪೆಟ್ಟಿಗೆ ಇಟ್ಟುಕೊಟ್ಟರು.
ಆ ಪೆಟ್ಟಿಗೆ ಇದರಲ್ಲಿ ಯಾರೂ ಬರೆದಿಲ್ಲ ನೋಡಿ.'

ಅಕ್ಟೋಬರು. ಪೋರ್ಟ್‌ಲೆಂಡಿನ ಹೋಟೆಲು, ಬಿಳಿ ಮೇಜುಬಟ್ಟೆ,
ವರ್ಷದ ಅತ್ಯುತ್ತಮ ಸಾರ್ವಜನಿಕ ಮಾನವಿಕ ಕಾರ್ಯಕ್ರಮ.
ಚರ್ಚಿನ ವ್ಯಾನಿನಲ್ಲಿ ಹನ್ನೊಂದು ಜನವೂ ಬಂದಿದ್ದರು.
ಊಟಕ್ಕೆ ಮೀನು.
ತಟ್ಟೆ ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು,
ಬ್ರೆಡ್ಡು ತಿಂದರು.

ಎರಡು ನಿಮಿಷ ಮಾತಾಡಿ ಎಂದರು ವೇದಿಕೆಯಲ್ಲಿ.
ಅರ್ವಿಲಾ ಕನ್ನಡಕ ಏರಿಸಿ, ಗಾಜಿನ ಫಲಕವನ್ನು
ಹಾಜರಿ ಪುಸ್ತಕದಂತೆಯೇ ಎತ್ತಿ ಹಿಡಿದು ಓದಿದಳು:
'ದನಿ ಇಲ್ಲದವರಿಗೆ ದನಿ ಕೊಟ್ಟದ್ದಕ್ಕಾಗಿ.'
ನಿಂತಳು.
'ತಪ್ಪು,' ಅಂದಳು.
'ದನಿ ನಮ್ಮ ಹತ್ತಿರ ಮೊದಲೇ ಇತ್ತು.
ಕೂರಲಿಕ್ಕೆ ಕುರ್ಚಿ ಇರಲಿಲ್ಲ.'

ಸಭೆ ಚಪ್ಪಾಳೆ ತಟ್ಟಿತು, ತಮಾಷೆ ಅಂದುಕೊಂಡು.
ಆ ವಾಕ್ಯ ಬರೆದವನು ನಾನು.
ಎರಡನೇ ಸಾಲಿನಲ್ಲಿ, ಕೊರಳಪಟ್ಟಿ ಸಡಿಲಿಸಿಕೊಂಡೆ.

ಜನವರಿಯ ಒಂದು ಗುರುವಾರ ನಾನೇ ಹೋದೆ,
ಉಪ್ಪು ಚೆಲ್ಲಿದ ರಸ್ತೆಯಲ್ಲಿ ಮೂರು ಗಂಟೆ.
ಹಿಮ ಬಿದ್ದಿತ್ತು. ಏಳೇ ಜನ.
ಫಲಕ ಪುಸ್ತಕದ ಮೇಲೆ ಕೂತಿತ್ತು,
ಸಮುದ್ರದ ತೇವಕ್ಕೆ ಸುರುಳಿ ಸುತ್ತುವ ಪುಟವನ್ನು
ಅದುಮಿ ಹಿಡಿಯಲು.
ಭಾರಕ್ಕೆ ಚೆನ್ನಾಗಿದೆ ಅಂದಳು ಲೊವೀನಾ.

ಎಂಟನೇ ಕುರ್ಚಿ ಎಳೆದು ಕೂತೆ.
'ಹೆಸರು?' ಹೇಳಿದೆ.
'ವಯಸ್ಸು?' ಅರವತ್ತೆಂಟು ಅಂದೆ.
ಯಾರೂ ತಪ್ಪು ಅನ್ನಲಿಲ್ಲ, ಪೆನ್ಸಿಲ್ಲು ಬರೆದುಕೊಂಡಿತು.
ಮೂರು ಅಂಕದ ವಿಷಯ ಅವರಿಗೆ ಗೊತ್ತಿರಲಿಲ್ಲ.
ನಾನೂ ಹೇಳಲಿಲ್ಲ,
ಆ ಗುರುವಾರ.