ಅಂಗೈಗೆ ಕೇಳಿದ್ದು

ಕೊನೆಯ ಟ್ರಾಮು ಹೋಗುವವರೆಗೆ ನನ್ನ ಕೆಲಸ ಶುರುವಾಗುವುದಿಲ್ಲ.
ಹನ್ನೆರಡೂಕಾಲಿಗೆ ಅದು ತಿರುವಿನಲ್ಲೊಮ್ಮೆ ಕೀರಬೇಕು,
ಮೇಲಿನ ಮನೆಯ ಫ್ರಿಜ್ಜು ನಡುಗಿ ನಿಲ್ಲಬೇಕು,
ಆಮೇಲೆ ಗೋಡೆ ಗಡಿಯಾರದ ಸೆಲ್ಲು ತೆಗೆದು ಜೇಬಿಗಿಟ್ಟು
ಉಸಿರನ್ನೂ ಲೆಕ್ಕಮಾಡಿ ಬಿಡತೊಡಗುತ್ತೇನೆ.

ವೂಚ್ ಅಂದರೆ ಇಲ್ಲಿಯ ಮಾತಿನಲ್ಲಿ ದೋಣಿ.
ದೋಣಿಯ ಹೊಳೆಯನ್ನು ಮುತ್ತಜ್ಜಂದಿರ ಕಾಲಕ್ಕೇ
ಕೊಳವೆಗೆ ತುರುಕಿ ರಸ್ತೆಯಡಿ ಹೂತಿದ್ದಾರೆ.
ಈಗಲೂ ಹರಿಯುತ್ತದಂತೆ.
ಕೇಳಿಸಿಕೊಂಡವರು ನನಗೆ ಸಿಕ್ಕಿಲ್ಲ.

ಮೇಜಿನ ಮೇಲೆ ಈ ವಾರದ ಫ್ಯಾನು,
ನೂರಿಪ್ಪತ್ತು ಮಿಲಿಮೀಟರು, ಒಂಬತ್ತು ರೆಕ್ಕೆ.
ಡಬ್ಬಿಯ ಮೇಲಿದೆ: ಪಿಸುಮಾತಿಗಿಂತ ಮೆತ್ತಗೆ.
ಯಾರ ಪಿಸುಮಾತು ಅಂತ ಬರೆದಿಲ್ಲ.
ನಮ್ಮ ಯಾದ್ವಿಗಾ ಅತ್ತೆ ಚರ್ಚಿನಲ್ಲಿ ಪಿಸುಗುಟ್ಟಿದರೆ
ಪಾದ್ರಿ ಪ್ರವಚನ ನಿಲ್ಲಿಸಿ ಕಾಯುತ್ತಿದ್ದರು.

ಮೈಕು ಒಂದು ಮೀಟರು ದೂರ.
ನಾಲ್ಕೂ ಗೋಡೆಗೆ ಗುಜರಿಯ ಹಾಸಿಗೆ, ಕಿಟಕಿಗೆ ಮೂರು ಕಂಬಳಿ.
ಹನ್ನೊಂದು ಡೆಸಿಬೆಲ್, ಇದು ನನ್ನ ಕೋಣೆಯ ತಳ.
ಇನ್ನೂ ಕೆಳಗೆ ಕಿವಿಯಿಳಿಸಿದರೆ ಸಿಗುವುದು ನನ್ನದೇ ನೆತ್ತರು.
ಐನೂರು ಸುತ್ತಿಗೆ ಹನ್ನೆರಡು, ಏಳುನೂರಕ್ಕೆ ಹದಿನಾಲ್ಕು.
ಒಂಬೈನೂರರಲ್ಲಿ ಮಾತ್ರ ಒಂದು ಸಣ್ಣ ಗುಂಯ್,
ಕತ್ತಲಲ್ಲಿ ಸೊಳ್ಳೆ ಕಿವಿಯವರೆಗೆ ಬಂದು ಮನಸ್ಸು ಬದಲಿಸಿದ ಹಾಗೆ.
ಹದಿನಾರು ಡೆಸಿಬೆಲ್ಲಿನ ಬರೀ ಗಾಳಿಯಲ್ಲಿ ನಿದ್ದೆ ಬರುತ್ತದೆ,
ಹದಿನಾರು ಡೆಸಿಬೆಲ್ಲಿನ ಗುಂಯ್‌ನಲ್ಲಿ ತಲೆ ಕೆಡುತ್ತದೆ.
ಮೀಟರಿಗೆ ಎರಡೂ ಹದಿನಾರೇ.

ಕೆಳಗಿನ ಮನೆಯ ಬೊಗುಮಿವಾಗೆ ಎಪ್ಪತ್ತೊಂಬತ್ತು.
ಮೂವತ್ತೊಂದು ವರ್ಷ ಹತ್ತಿ ಗಿರಣಿ,
ಒಬ್ಬಳಿಗೆ ಹನ್ನೆರಡು ಮಗ್ಗ, ಒಂದೇ ಸೂರಿನಡಿ ಎಂಟುನೂರು.
ಅವು ಅವಳ ಕಿವಿಯನ್ನು ಎಳೆ ಎಳೆಯಾಗಿ
ಬಟ್ಟೆಗೆ ನೇಯ್ದುಕೊಂಡು ಹೋದವು.
ಅಲ್ಲಿ ಹೆಂಗಸರು ಬರೀ ತುಟಿಯಲ್ಲಿ ಮಾತಾಡುತ್ತಿದ್ದರಂತೆ:
ಮೇಸ್ತ್ರಿಯ ಕಳ್ಳಾಟ, ಯಾರೋ ಬಸಿರಾದದ್ದು,
ಮಾಂಸದ ಬೆಲೆ, ಮುಷ್ಕರದ ದಿನ.

ಬಾಗಿಲಿಗೆ ನಾನು ಹಾಸಿಗೆ ಜಡಿಯುವುದು ಕಂಡು ಒಂದು ದಿನ ಒಳಗೆ ಬಂದಳು.
ಏನು ಮಾಡ್ತೀ ಇಲ್ಲಿ?
ತುಟಿ ಬಿಡಿಸಿ ಹೇಳಿದೆ: ಸದ್ದಿಲ್ಲದ ಕಂಪ್ಯೂಟರು ಕಟ್ಟುವವರಿಗೆ
ಯಾವ ಭಾಗ ಕೊಳ್ಳಬೇಕು, ಯಾವುದು ಬೇಡ, ಬರೆಯುತ್ತೇನೆ.
ಅದಕ್ಕೂ ಸಂಬಳ ಕೊಡ್ತಾರಾ?
ಕೊಡ್ತಾರೆ, ಸ್ವಲ್ಪ.
ಅವಳ ನಗು ಮೀಟರಿನಲ್ಲಿ ಅರವತ್ತೆಂಟು.

ಆಮೇಲೆ ಕೇಸಿನ ಬೆನ್ನಿಗೆ ಅಂಗೈಯಿಟ್ಟಳು,
ಜ್ವರ ಬಂದ ಮಗುವಿಗೆ ಇಟ್ಟಹಾಗೆ.
ನಾನು ಐದಕ್ಕೆ ಐದು ಕೊಟ್ಟಿದ್ದ ಫ್ಯಾನು ಒಳಗೆ ತಿರುಗುತ್ತಿತ್ತು.
ಇದರ ಬೇರಿಂಗು ಕುಂಟುತ್ತಿದೆ, ಅಂದಳು.
ಕೇಳಿಸುತ್ತಿಲ್ಲವಲ್ಲ, ಅಂದೆ.
ನನಗೂ ಇಲ್ಲ, ಅಂದಳು.

ಏಳನೆಯ ವಾರ ಅದು ಕೆಮ್ಮಿತು.

ಹಾರ್ಡ್ ಡಿಸ್ಕಿಗೆ ಸ್ಕ್ರೂ ಬೇಡ, ತೊಟ್ಟಿಲು ಕಟ್ಟು ಎಂದವಳೂ ಅವಳೇ.
ಸೊಂಟದ ಇಲಾಸ್ಟಿಕ್ಕು ತಂದಳು, ಹಳೆಯ ಲಂಗದ್ದು,
ನಾಲ್ಕು ಗಂಟು ಹಾಕಿ ತೂಗಿಬಿಟ್ಟಳು:
ಕೇಸಿನ ಗಡಗಡ ಅಲ್ಲೇ ಅಡಗಿತು.
ಈಗ ಗುರುವಾರ ಗುರುವಾರ ಗಸಗಸೆ ಕೇಕಿನೊಡನೆ ಬರುತ್ತಾಳೆ.
ನನ್ನ ಪಟ್ಟಿಯಲ್ಲಿ ಶಾಖ, ಸುತ್ತು, ಡೆಸಿಬೆಲ್ ಆದಮೇಲೆ
ಅವಳಿಗೊಂದು ಖಾನೆ. ಓದುಗರು ಅದು ಯಾವ ಉಪಕರಣ,
ಎಲ್ಲಿ ಸಿಗುತ್ತದೆ ಎಂದು ಕೇಳಿ ಬರೆಯುತ್ತಾರೆ.

ನಿನ್ನೆ ಎಲ್ಲ ಆರಿಸಿ ಸುಮ್ಮನೆ ಕೂತಿದ್ದೆವು, ಮೀಟರು ಹನ್ನೊಂದು.
ನನ್ನವು ಇನ್ನೂ ನಿಂತಿಲ್ಲ, ಅಂದಳು ತಲೆಯತ್ತ ಬೆರಳು ತೋರಿ,
ಹನ್ನೆರಡೂ ಓಡುತ್ತಿವೆ, ಹಗಲುಪಾಳಿ, ರಾತ್ರಿಪಾಳಿ.
ಇದಕ್ಕೊಂದು ರಬ್ಬರು ವಾಷರು ಇದೆಯಾ ನಿನ್ನ ಹತ್ತಿರ?

ತಮಾಷೆಗೇ ಕೇಳಿದ್ದು.
ಆದರೂ ಡ್ರಾಯರು ಎಳೆದು
ಸ್ವಲ್ಪ ಹೊತ್ತು ಹುಡುಕಿದೆ.