ಒಂದು ತಾಸಿನ ಪಗಾರ

ದವಾಖಾನಿ ಬಾಗಿಲದಾಗ ನಿಂತು
ದಿನಾ ನೂರು ಮಂದೀ ಹೆಸರು ಕೂಗ್ತೀನಿ,
ಅಡ್ಡಹೆಸರು ಸಮೇತ, ತಪ್ಪದ ಹಂಗ.
ನನ್ನ ಹೆಸರು ಕೇಳಿದರಷ್ಟೇ
ಕೆಮ್ಮು.

ಬ್ಯಾಂಕಿನಾಗ ಕೇಳಿದರು, ಕೆಮ್ಮು.
ಬ್ರಹ್ಮಪುರದಾಗ ಬಾಡಿಗಿ ಖೋಲಿ ನೋಡ್ಲಾಕ ಹೋದಾಗ
"ಇಂದುಬಾಯಿ ಅಂದ್ರ ಮುಂದ? ಪೂರ್ತಿ ಹೇಳ್ರಿ" ಅಂದಳು ಮಾಲಕಿನಿ,
ಕೆಮ್ಮಿ ಕೆಮ್ಮಿ ಕಣ್ಣಾಗ ನೀರು.
ಆಕಿ ಪ್ಲಾಸ್ಟಿಕ್ ಗ್ಲಾಸಿನಾಗ ನೀರು ತಂದಳು.
ಕುಡಿದ ಮ್ಯಾಲ ಅಲ್ಲೇ ಕಟ್ಟೀ ಮ್ಯಾಲ ಬಿಡು ಅಂದಳು.
ಖೋಲಿ ಆಗಲೇ ಬ್ಯಾರೆಯವರಿಗೆ ಹೋಗಿತ್ತಂತ.

ನಮ್ಮ ದವಾಖಾನಿ ಗಂಟಲ ಡಾಕ್ಟರು,
ಪಗಾರದಾಗ ಮುರಕೊಳ್ಳೋ ಕರಾರಿನ ಮ್ಯಾಲ,
ಮೂಗಿನಾಗಿಂದ ಕ್ಯಾಮೆರಾ ಇಳಿಸಿ ನೋಡಿದರು.
ಏನಿಲ್ಲ. ಸ್ವಚ್ಛ ಅದ.
ಮನಸ್ಸಿನ ಡಾಕ್ಟರು ತಿಂಗಳಿಗೊಮ್ಮೆ ಸೊಲ್ಲಾಪುರದಿಂದ
ಕಲಬುರಗಿಗೆ ಬರ್ತಾರ,
ಹದಿನೈದು ಮಿನಿಟಿಗೆ ಸಾವಿರದ ಇನ್ನೂರು.
ನಾ ಓಣಿ ಸುದ್ದಿ ತೆಗದೆ. ಅವರು ಗಡಿಯಾಳ ನೋಡಿ,
"ರಾಜಕಾರಣ ಹೊರಗಿಡ್ರಿ ತಾಯಿ, ಒಳಗ ನೋಡ್ಕೊಳ್ರಿ."
ನೋಡ್ಕೊಂಡೆ.
ಒಳಗೂ ಅದೇ ಓಣಿ ಇತ್ತು,
ಅದೇ ನಳ, ಅದೇ ಪಾಳಿ, ನಮ್ಮ ಕೊಡ ಕಡೀಗೆ.

ಶಹಾಬಜಾರ ನಾಕಾದ ಹತ್ತರ
ಮೋಟಾರ್ ವೈಂಡಿಂಗ್ ಅಂಗಡಿ ಮ್ಯಾಲಿನ ಖೋಲಿ ತೋರಿಸಿದಾಕಿ
ರಾತ್ರಿ ಪಾಳಿ ನರ್ಸ್ ಪ್ರಿಸಿಲ್ಲಾ.
ಹದಿನೇಳು ಮೆಟ್ಟಿಲು. ಗ್ವಾಡಿಗೆ ಕೈಬರಹದ ಹಾಳಿ:
ಇಲ್ಲಿಯ ಒಂದು ತಾಸಿಗೆ
ನಿಮ್ಮ ದುಡಿಮೆಯ ಒಂದು ತಾಸಿನ ಪಗಾರ.
ಕೆಲಸ ಇಲ್ಲದವರು ಹಂಗೇ ಬರ್ರಿ.

ನುಸ್ರತ್ ಮೇಡಂ ಪೆನ್ನು ನನ್ನ ಕೈಗೇ ಕೊಟ್ಟರು.
ಒಂಬತ್ತು ಸಾವಿರ, ಇಪ್ಪತ್ತಾರು ದಿನ, ಒಂಬತ್ತು ತಾಸು.
ಭಾಗಿಸಿದೆ.
ಮೂವತ್ತೆಂಟು ರೂಪಾಯಿ ನಲವತ್ತಾರು ಪೈಸೆ.
ಹನ್ನೊಂದು ವರ್ಷದಾಗ ಮೊದಲ ಸಲ
ನನ್ನ ತಾಸಿಗೆ ಇಷ್ಟೇ ಅಂತ ಕಂಡಿತು,
ಹೊಟ್ಯಾಗ ಬೆಂಕಿ ಬಿತ್ತು.
"ಪೈಸೆ ಬಿಡ್ರಿ" ಅಂದರು ಅವರು.
ಹೆಸರು ಕೇಳಲಿಲ್ಲ.

ಮೊದಲ ನಾಲ್ಕು ಬೇಸ್ತವಾರ ನಾ ಸುಮ್ಮ.
ಕೆಳಗ ತಾಮ್ರದ ತಂತಿ ಸುತ್ತೋ ಸಪ್ಪಳ.
ಐದನೇದಕ್ಕ ಸಿಟ್ಟಿಗೆದ್ದೆ:
ರೊಕ್ಕ ತಗೋತೀರಿ, ಒಂದು ಗುಳಗಿ ಇಲ್ಲ, ಒಂದು ಬುದ್ಧಿಮಾತಿಲ್ಲ!
"ಯಾರ ಮ್ಯಾಲ ಇಷ್ಟು ಸಿಟ್ಟು?" ಅಂದರು, ಮೆಲ್ಲಗ.
ಬಾಯಿಗೆ ಬಂದದ್ದು ಹೇಳಿದೆ.
ಬಂದವ ಮೂರನೇ ಇಯತ್ತೆಯ ಮಾಸ್ತರು,
ಹಾಜರಿ ಕೂಗೋವಾಗ ನಮ್ಮ ಅಡ್ಡಹೆಸರಿಗೆ ಬಂದು
ಒಂದು ಗಳಿಗಿ ನಿಲ್ತಿದ್ದ,
ಗಂಟಲು ಸರಿ ಮಾಡ್ಕೋತಿದ್ದ.
ಇಪ್ಪತ್ತಾರು ವರ್ಷ ನಾ ಹೊತ್ತದ್ದು
ಅವನ ಕೆಮ್ಮು.

ಮೇಡಂ ಏನೂ ಅನ್ನಲಿಲ್ಲ. ಕಿಟಕಿ ತೆರೆದಿತ್ತು.
ಆಮ್ಯಾಲ ಎಂದೋ ಅಂಗಡಿ ಬಾಬುಮಿಯಾ ಹೇಳಿದ:
ಈ ಖೋಲಿ ಸಿಗೋಕಿಂತ ಮೊದಲ ಆಕೀಗೂ ಐದು ಕಡೆ
ಪೂರ್ತಿ ಹೆಸರು ಕೇಳಿ
ಕೀಲಿ ಕಳದದ ಅಂದಿದ್ದರಂತ.

ಕೆಮ್ಮು ಹೋಯಿತೇನು? ಇಲ್ಲ.
ಮೊನ್ನೆ ರೇಷನ್ ಅಂಗಡ್ಯಾಗ ಬಂತು.
ಬರಲಿ ಅಂತ ನಿಂತೆ. ಮುಗದ ಮ್ಯಾಲ ಕೇಳಿದೆ,
"ನಿಮ್ಮದು ಏನ್ರಿ, ಪೂರ್ತಿ?"
ಅವ ತಲಿ ತಗ್ಗಿಸಿ ಹೆಬ್ಬೆಟ್ಟಿನ ಮಷೀನು ಒರಸಿದ.

ಆ ಭಾಗಾಕಾರದ ಹಾಳಿ ಪ್ರಿಸಿಲ್ಲಾಗ ತೋರಿಸಿದೆ,
ಆಕಿ ಆಯಾಗಳಿಗೆ. ಎಲ್ಲರೂ ತಮ್ಮ ತಮ್ಮದು ಭಾಗಿಸಿದರು,
ಯಾರಿಗೂ ರಾತ್ರಿ ನಿದ್ದಿ ಹತ್ತಲಿಲ್ಲ.
ಹದಿನಾಲ್ಕು ಮಂದಿ ಸೇರಿ ಅರ್ಜಿ ಬರದಿವಿ.
ಮೊದಲ ಸಹಿ ನಂದು, ಅಡ್ಡಹೆಸರು ಸಮೇತ.
ಎರಡು ಸಾವಿರ ಕೇಳಿದಿವಿ, ಐದುನೂರು ಏರಿಸಿದರು.

ಈ ಬೇಸ್ತವಾರ ಮೆಟ್ಟಿಲ ಮ್ಯಾಲೇ ಲೆಕ್ಕ ಮಾಡ್ಕೊಂಡು ಹೋದೆ:
ನಲವತ್ತು ರೂಪಾಯಿ ಅರವತ್ತು ಪೈಸೆ.
"ಪೈಸೆ ಬಿಡ್ರಿ" ಅಂದರು.
ಬಿಡೂದಿಲ್ಲ ಅಂದೆ.
ನಲವತ್ತೊಂದು ಮೇಜಿನ ಮ್ಯಾಲ ಇಟ್ಟೆ.
ಬರಕೊಳ್ರಿ,
ನಲವತ್ತು ಪೈಸೆ ನೀವೇ ನನಗ ಕೊಡೂದದ.